ಎರಡು ನಿಮಿಷದ ಜೀಪು

ದಾವಣಗೆರೆಗೆ ಬಂದಾಗಲೆಲ್ಲ ನನಗೆ ಎದುರಾಗೋ ಪ್ರಶ್ನೆ ಒಂದೇ. "ನಮ್ಮೂರಿಗೆ ವಿಮಾನ ಯಾವಾಗ ಬರುತ್ತೆ?" ಶಿವಮೊಗ್ಗಕ್ಕೆ 2023ರಲ್ಲೇ ಬಂತು, ಅತ್ತ ಹುಬ್ಬಳ್ಳಿಗೂ ಇದೆ, ನಮಗೆ ಮಾತ್ರ ಇಲ್ಲ ಅನ್ನೋ ಸಂಕಟ. ಚಳ್ಳಕೆರೆ ಹತ್ತಿರ ಡಿಆರ್‌ಡಿಒದವರ ರನ್‌ವೇ ಇದೆಯಲ್ಲ ಅಂತ ನಾನು ಸುಮ್ನೆ ಹೇಳ್ತೀನಿ. 2024ರಲ್ಲಿ ಇಸ್ರೋದ ಪ್ರಯೋಗದ ವಿಮಾನ ಪುಷ್ಪಕ್ ಅಲ್ಲಿ ಎರಡು ಸಲ ಇಳಿದಿದೆ, ಆದ್ರೆ ಅದಕ್ಕೆ ಟಿಕೆಟ್ ಕೊಡಲ್ಲ.

ಈ ಸಲ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. "ಏನಪ್ಪಾ, ಇಷ್ಟು ದಿನ ರಜಾನಾ?" ರಜೆ ಅನ್ನೋದು ಅರ್ಧ ನಿಜ. ಡಿರೋಸ್ಟರ್ ಆಗಿ, ಅಂದ್ರೆ ಡ್ಯೂಟಿಯಿಂದ ಇಳಿಸಿದ ಮೇಲೆ, ಎರಡು ವಾರ ಆಫೀಸಿನಲ್ಲಿ ಹಳೇ ಫೈಲು ಜೋಡಿಸಿ, ತಲೆಕೆಟ್ಟು, ಉಳಿದಿದ್ದ ಇಎಲ್ ಹಾಕಿ ಬಂದಿದ್ದೇನೆ. ಅಮ್ಮನಿಗೂ ಇನ್ನೂ ಸರಿಯಾಗಿ ಹೇಳಿಲ್ಲ.

ನಾನು ಏರ್ ಟ್ರಾಫಿಕ್ ಕಂಟ್ರೋಲರ್. ಕೆಲಸ ಮಾಡೋ ವಿಮಾನ ನಿಲ್ದಾಣದ ಹೆಸರು ಬೇಡ. ಒಂದೇ ರನ್‌ವೇ, ಪಕ್ಕದಲ್ಲಿ ಪ್ಯಾರಲಲ್ ಟ್ಯಾಕ್ಸಿವೇ ಇಲ್ಲ, ಬಂದವರೆಲ್ಲ ಅದೇ ರನ್‌ವೇ ಮೇಲೆ ವಾಪಸ್ ಬರೋ ಬ್ಯಾಕ್‌ಟ್ರ್ಯಾಕ್ ಮಾಡಲೇಬೇಕು. ಬೆಳಗಿನ ಪಾಳಿಯಲ್ಲಿ ಟವರ್, ಗ್ರೌಂಡ್ ಎರಡೂ, ಅಂದ್ರೆ ರನ್‌ವೇನೂ ನೆಲದ ಮೇಲಿನ ಓಡಾಟವೂ, ಒಬ್ಬನ ಕೈಲಿ. ರೋಸ್ಟರ್‌ನಲ್ಲಿ ಇಬ್ಬರ ಹೆಸರಿರುತ್ತೆ, ಎರಡನೆಯವನು ಟ್ರೈನಿಂಗು, ಮೀಟಿಂಗು, ಇಲ್ಲಾ ಇನ್ನೊಬ್ಬರ ರಜೆಗೆ ಬದಲಿ. ನಾನು ಅದಕ್ಕೆ ಒಗ್ಗಿಹೋಗಿದ್ದೆ. ಒಬ್ಬನೇ ನಿಭಾಯಿಸ್ತೀನಿ ಅನ್ನೋ ಜಂಭವೂ ಇತ್ತು, ಸುಳ್ಳೇಕೆ ಹೇಳಲಿ.

ಆ ತಪ್ಪಾದ ದಿನದ ಹಿಂದಿನ ರಾತ್ರಿ ಮಳೆ. ಮಳೆ ಬಂದ ಮರುದಿನ ಎರೆಹುಳುಗಳು ರನ್‌ವೇಗೆ ಹತ್ತುತ್ತವೆ, ಅವುಗಳ ಹಿಂದೆ ಹಕ್ಕಿಗಳು ಇಳಿಯುತ್ತವೆ. ಏಳೂವರೆ ಹೊತ್ತಿಗೆ ಟೇಕ್‌ಆಫ್ ಆದ ಪೈಲಟ್ ಒಬ್ಬರು ಹದ್ದಿಗೆ ಬಡಿದಂಗಾಯ್ತು ಅಂದರು. ವಿಮಾನಕ್ಕೆ ಏನೂ ಆಗಿರಲಿಲ್ಲ. ಹದ್ದು ರನ್‌ವೇ ಮೇಲೆ ಬಿದ್ದಿದ್ದರೆ ತೆಗೀಬೇಕಲ್ವಾ, ಜೀಪಿಗೆ ಹೇಳಿದೆ. ಡ್ರೈವರ್ ನಮ್ಮ ಜಗಳೂರು ಕಡೆ ಹುಡುಗ. ವಾಕಿಟಾಕಿಯಲ್ಲಿ ನಾವಿಬ್ಬರೂ ಕನ್ನಡದಲ್ಲೇ ಮಾತಾಡ್ತೀವಿ, ಅದೂ ರೂಲ್ಸಿಗೆ ವಿರುದ್ಧ. "ಎರಡು ನಿಮಿಷ ಸಾರ್, ಎತ್ಕಂಡು ಬಂದ್ಬಿಡ್ತೀನಿ" ಅಂದ. ಇಳಿಯೋಕೆ ಬರ್ತಿದ್ದ ಎಟಿಆರ್ ವಿಮಾನ ಒಂದು ಇನ್ನೂ 18 ಮೈಲಿ ಆಚೆ ಇತ್ತು. ಹೋಗು ಅಂದೆ.

ಜೀಪು ಒಳಗೆ ಹೋದ ತಕ್ಷಣ ನಮ್ಮ ಮುಂದಿನ ಸ್ಟ್ರಿಪ್ ಬೋರ್ಡಿನ (ಒಂದೊಂದು ವಿಮಾನಕ್ಕೂ ಒಂದೊಂದು ಪಟ್ಟಿ ಇಡೋ ಹಲಗೆ) ರನ್‌ವೇ ಜಾಗದಲ್ಲಿ ಕೆಂಪು ಸ್ಟ್ರಿಪ್ ಇಡಬೇಕು. ರನ್‌ವೇ ಬ್ಲಾಕ್ಡ್ ಅಂತ ಬರೆದಿರೋದು. ಅದು ನನ್ನ ಟೀ ಲೋಟದ ಆಚೆ ಇತ್ತು. ಲೋಟ ಸರಿಸಬೇಕಿತ್ತು, ಅಷ್ಟೇ. ಎರಡು ನಿಮಿಷದ ಜೀಪಿಗೆ ಸ್ಟ್ರಿಪ್ ಯಾಕೆ, ಕಣ್ಣೆದುರಿಗೇ ಇದೆಯಲ್ಲ ಅಂದುಕೊಂಡೆ.

ಆಮೇಲೆ ಫೋನು. ವಿಐಪಿ ಫ್ಲೈಟು ಎಷ್ಟೊತ್ತಿಗೆ ಅಂತ ಟರ್ಮಿನಲ್ ಕಡೆಯಿಂದ. ಅದನ್ನು ಇಡೋವಷ್ಟರಲ್ಲಿ ಹಾಟ್‌ಲೈನಿನಲ್ಲಿ ಅಪ್ರೋಚ್ ಕಂಟ್ರೋಲಿನವರು. ನಡುವೆ ಏಪ್ರನ್‌ನಲ್ಲಿ ನಿಂತಿದ್ದ ವಿಮಾನದ ಪೈಲಟ್ ಇಂಜಿನ್ ಸ್ಟಾರ್ಟಪ್‌ಗೆ ಅನುಮತಿ ಕೇಳಿದರು, ನಾನು ಹೇಳಿದ ಗಾಳಿಯ ಒತ್ತಡದ ಅಂಕಿಯನ್ನು (ಕ್ಯೂಎನ್‌ಎಚ್) ತಿರುಗಿ ಹೇಳುವಾಗ ತಪ್ಪಿದರು, ತಿದ್ದಿದೆ. ಮತ್ತೆ ಅದೇ ಫೋನು, ಅದೇ ವಿಐಪಿ. ಎಟಿಆರ್ ಎಸ್ಟಾಬ್ಲಿಷ್ಡ್ ಅಂತು, ಅಂದ್ರೆ ಇಳಿಯೋ ದಾರಿಗೆ ಬಂದಾಯ್ತು.

ರನ್‌ವೇ ನೋಡಿದೆ. ನೋಡದೆ ಕೊಟ್ಟೆ ಅಂತ ಯಾರೂ ಅನ್ನಬಾರದು, ನೋಡಿದೆ. ನಮ್ಮ ರನ್‌ವೇ ಮಧ್ಯದಲ್ಲಿ ಸ್ವಲ್ಪ ಉಬ್ಬಿದೆ. ಆ ಕಡೆ ತುದಿಯಲ್ಲಿ ಗಾಡಿ ಇದ್ದರೆ ಬರೀ ಟಾಪು ಕಾಣುತ್ತೆ. ಅವತ್ತು ಎದುರು ಬಿಸಿಲು, ನೆಂದ ರನ್‌ವೇ ತಗಡಿನ ಥರ ಹೊಳೀತಿತ್ತು. ಇಷ್ಟೂ ಕಾರಣಗಳನ್ನು ನಾನು ವಿಚಾರಣೆಯಲ್ಲಿ ಹೇಳಿದೆ, ಅವು ನಿಜ ಕೂಡ. ಆದರೆ ಖಾಲಿ ಇರುತ್ತೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡೇ ತಲೆ ಎತ್ತಿದ್ದೆ ಅನ್ನೋದು ಅದಕ್ಕಿಂತ ನಿಜ. ಜೀಪು ತಲೆಯಿಂದ ಪೂರ್ತಿ ಅಳಿಸಿ ಹೋಗಿತ್ತು. ಕ್ಲಿಯರ್ಡ್ ಟು ಲ್ಯಾಂಡ್ ಅಂದೆ. ಪೈಲಟ್ ಅದನ್ನೇ ಶುದ್ಧವಾಗಿ ತಿರುಗಿ ಹೇಳಿ ರೀಡ್‌ಬ್ಯಾಕ್ ಕೊಟ್ಟರು.

ನಾನು ಹಾಗಂದಿದ್ದು ಜೀಪಿನ ಹುಡುಗನಿಗೆ ಕೇಳಿಸಲ್ಲ. ಅವನದು ಬೇರೆ ಚಾನೆಲ್, ವಿಮಾನದ್ದು ಬೇರೆ ಫ್ರೀಕ್ವೆನ್ಸಿ. ಹದ್ದು ಒಂದೇ ತುಂಡಾಗಿ ಬಿದ್ದಿರಲಿಲ್ಲವಂತೆ, ಅವನು ಇಳಿದು ರೆಕ್ಕೆ ಪುಕ್ಕ ಒಂದೊಂದೇ ಹೆಕ್ಕಿ ಚೀಲಕ್ಕೆ ಹಾಕ್ತಾ ಇದ್ದ. ತಲೆ ಎತ್ತಿದಾಗ ಎದುರಿಗೆ ಲ್ಯಾಂಡಿಂಗ್ ಲೈಟು.

"ಸಾರ್, ನಾನಿನ್ನೂ ರನ್‌ವೇ ಮೇಲೇ ಇದೀನಿ. ಲೈಟು ಕಾಣ್ತಾ ಐತೆ ಸಾರ್."

ಬೆನ್ನಲ್ಲಿ ತಣ್ಣೀರು ಸುರಿದಂಗಾಯ್ತು ಅಂತ ಓದಿದ್ದೆ. ನನಗೆ ಹಾಗೇನೂ ಆಗಲಿಲ್ಲ, ಕಿವಿ ಬಿಸಿಯಾಯ್ತು. ಎಟಿಆರ್ ಒಂದೂವರೆ ಮೈಲಿಯಲ್ಲಿ, ಸುಮಾರು 500 ಅಡಿ ಎತ್ತರ. ಇಳಿಯೋಕೆ ಮುಕ್ಕಾಲು ನಿಮಿಷ. ಎಡಗೈಲಿ ವಾಕಿಟಾಕಿ ಇತ್ತು. ಇಳೀಬೇಡ, ಮತ್ತೆ ಮೇಲೇರು ಅಂತ ವಿಮಾನಕ್ಕೆ ಹೇಳೋಕೆ ಅದನ್ನೇ ಒತ್ತಿ ಕೂಗಿದೆ, "ಗೋ ಅರೌಂಡ್! ಗೋ ಅರೌಂಡ್!"

"ಎಲ್ಲಿಗೆ ಸಾರ್?" ಅಂದ ಅವನು.

1977ರಲ್ಲಿ ಸ್ಪೇನಿನ ಟೆನೆರಿಫೆ ದ್ವೀಪದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತ ಮೇಲೆ ನಮ್ಮ ಒಂದೊಂದು ಪದಕ್ಕೂ ಕಟ್ಟುನಿಟ್ಟು ಬಂತು. ಟೇಕ್‌ಆಫ್ ಅನ್ನೋ ಪದವನ್ನು ಆ ಕ್ಲಿಯರೆನ್ಸ್ ಕೊಡುವಾಗ, ಇಲ್ಲಾ ವಾಪಸ್ ತಗೊಳ್ಳುವಾಗ ಮಾತ್ರ ಬಳಸಬೇಕು, ಬೇರೆ ಕಡೆಯೆಲ್ಲ ಡಿಪಾರ್ಚರ್ ಅನ್ನಬೇಕು. ಟ್ರೈನಿಂಗಿನಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿದವನು ನಾನು. ಪದ ಸರಿಯಾಗೇ ಹೇಳಿದ್ದೆ. ಮೈಕು ತಪ್ಪಾಗಿತ್ತು.

ಮೂರು ನಾಲ್ಕು ಸೆಕೆಂಡು ಹಾಳಾಯ್ತು. ಸರಿಯಾದ ಮೈಕಿನಲ್ಲಿ ಹೇಳಿದಾಗ ಎಟಿಆರ್ ಮೂತಿ ಎತ್ತಿತು. ಜೀಪು ಹುಲ್ಲಿಗೆ ಇಳೀತು, ವಿಮಾನ ಅದರ ಮೇಲಿಂದ ಹೋಯ್ತು. ಪೈಲಟ್ ಕಾರಣ ಕೇಳಿದರು. ವೆಹಿಕಲ್ ಆನ್ ರನ್‌ವೇ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ "ರೋಜರ್". ಅಷ್ಟರಲ್ಲಿ ವಾಕಿಟಾಕಿಯಲ್ಲಿ ಹುಡುಗ, "ಸಾರಿ ಸಾರ್, ಲೇಟ್ ಮಾಡ್ಬಿಟ್ಟೆ." ನನ್ನ ತಪ್ಪಿಗೆ ಅವನು ಸಾರಿ ಕೇಳಿದ. ಈಗಲೂ ಚುಚ್ಚೋದು ಅದೇ. ಅವನು ಕೇಳಿದಾಗ ನಾನು "ಆಯ್ತು ಬಿಡು" ಅಂದುಬಿಟ್ಟಿದ್ದೆ, ಅದು ಇನ್ನೂ ಜಾಸ್ತಿ.

ರಿಪೋರ್ಟು ಬರೆದೆ. ಟೇಪು ತೆಗೆದರು. ಮೂರೇ ದಿನಕ್ಕೆ ಸರ್ಕ್ಯುಲರ್ ಬಂತು: ಜೀಪು ಒಳಗೆ ಹೋಗೋ ಮುಂಚೆ ಎರಡು ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಬೇಕು. ಅಂದರೆ ಒಬ್ಬನೇ ಕೂತವನು ಹೊರಗೆ ನೋಡೋದು ಬಿಟ್ಟು ಇನ್ನೆರಡು ಸಲ ತಲೆ ಬಗ್ಗಿಸಬೇಕು! ಎರಡನೆಯವನು ಬಂದನಾ? ಇಲ್ಲ. ಜೀಪಿಗೂ ವಿಮಾನಕ್ಕೂ ಒಂದೇ ಫ್ರೀಕ್ವೆನ್ಸಿ ಕೊಡಿ ಅಂತ ಹಿಂದೆಯೇ ಬರೆದಿದ್ದೆವು, ಆ ಫೈಲು ಎಲ್ಲಿದೆಯೋ. ಕಾರಣದ ಕಾಲಮ್ಮಿನಲ್ಲಿ ಮಾತ್ರ ಹ್ಯೂಮನ್ ಎರರ್ ಅಂತ ದಪ್ಪಗೆ ಬಿತ್ತು. 1991ರಲ್ಲಿ ಲಾಸ್ ಏಂಜಲೀಸ್‌ನಲ್ಲೂ ಹೀಗೇ ಆಗಿತ್ತು, ಬೇರೊಂದು ವಿಮಾನದ ಸ್ಟ್ರಿಪ್ ಹುಡುಕೋ ಗಡಿಬಿಡಿಯಲ್ಲಿ ಕಂಟ್ರೋಲರ್ ತಾನೇ ರನ್‌ವೇ ಮೇಲೆ ನಿಲ್ಲಿಸಿದ್ದ ಸಣ್ಣ ವಿಮಾನವನ್ನು ಮರೆತು ಇನ್ನೊಂದಕ್ಕೆ ಇಳಿಯೋಕೆ ಹೇಳಿದರು, 30ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ತನಿಖೆಯವರು ಒಬ್ಬರ ಮರೆವಿನ ಮೇಲೇ ಎಲ್ಲ ಹೊರಿಸಲಿಲ್ಲ. ಒಬ್ಬರು ಮರೆತರೆ ಇನ್ನೊಂದು ಕಡೆ ಸಿಕ್ಕಿಬೀಳೋ ಹಾಗೆ ವ್ಯವಸ್ಥೆಯೇ ಇಲ್ಲ ಅಂತ ಮ್ಯಾನೇಜ್‌ಮೆಂಟನ್ನೂ ಹಿಡಿದರು. ನಮಗೆ ಹೊಸ ಸ್ಕ್ರೀನು ಬರುತ್ತೆ ಅಂತ ಸಮಾಧಾನ ಹೇಳಿದ್ದಾರೆ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಎರಡು ವಿಮಾನ ಡಿಕ್ಕಿ ಹೊಡೆದಾಗಲೂ ಸ್ಕ್ರೀನು ಇತ್ತು, ರನ್‌ವೇ ಮೇಲೆ ಇನ್ನೊಂದು ವಿಮಾನ ಇದೆ ಅಂತ ತೋರಿಸ್ತಾನೂ ಇತ್ತು. ಯಾರ ಕಣ್ಣಿಗೂ ಬೀಳಲಿಲ್ಲ.

ಮೊನ್ನೆ ಸಂಜೆ ಮಾವನ ಜೊತೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಇದನ್ನೆಲ್ಲ ಹೇಳಿಕೊಂಡೆ. ಮಾವ ಚಿಕ್ಕಜಾಜೂರಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಪೂರ್ತಿ ಕೇಳಿ, ಮಿರ್ಚಿಯ ತೊಟ್ಟು ಪಕ್ಕಕ್ಕಿಟ್ಟು, "ಕಾಲರ್ ಹಾಕಲಿಲ್ಲ ಅನ್ನು" ಅಂದರು. ಅವರಲ್ಲಿ ಲೈನ್ ಬ್ಲಾಕ್ ಆಗಿದ್ದರೆ ಅದು ನೆನಪಾಗಲಿ ಅಂತ ಪ್ಯಾನೆಲಿನ ಬಟನ್ ಮೇಲೆ ಕಾಲರ್ ಹಾಕ್ತಾರೆ.

ಕಣ್ಣಿಗೆ ಕಾಣ್ತಾ ಇತ್ತಲ್ಲ ಮಾವ, ಅಂತ ನಾನು.

"ಅಳಿಯಾ, ಗೂಡ್ಸು ಲೂಪಲ್ಲಿ ನಿಂತಿರ್ತೈತೆ. ಕಿಟಕಿ ಎದುರಿಗೇ, ಐವತ್ತು ಡಬ್ಬಿ. ಒಂದು ತಾಸಾದ ಮೇಲೆ ಅದು ಗೋಡೆ ಇದ್ದಂಗೆ. ಗೋಡೆ ಐತೆ ಅಂತ ಯಾರು ನೆನಪಿಟ್ಕಂತಾರೆ? ನನಗೂ ಒಂದಿನ ಹಂಗೇ ಆಗಿತ್ತು, ಕಾಲರ್ ಇತ್ತು, ಬೆರಳು ಅದಕ್ಕೆ ತಾಗ್ತು." ಮುಂದೆ ಏನೂ ಹೇಳಲಿಲ್ಲ, ಇನ್ನೊಂದು ಪ್ಲೇಟು ಹೇಳಿದರು.

ನನ್ನ ಗೂಡ್ಸಿಗೆ ಒಂದು ತಾಸೂ ಬೇಕಾಗಿರಲಿಲ್ಲ. ಎರಡು ಫೋನು ಸಾಕಾಯ್ತು.

ನಿನ್ನೆ ಜಗಳೂರಿನ ಹುಡುಗನಿಗೆ ನಾನೇ ಫೋನು ಮಾಡಿ, ಅವತ್ತು ಸಾರಿ ಕೇಳಬೇಕಾಗಿದ್ದವನು ನಾನು ಅಂದೆ. ಅವನಿಗೆ ಮುಜುಗರ, "ಅಯ್ಯೋ ಬಿಡಿ ಸಾರ್" ಅಂತ ಮಾತು ತಿರುಗಿಸಿದ. ಈಗ ರನ್‌ವೇಗೆ ಇಳಿಯೋ ಮುಂಚೆ ಪ್ರತಿ ಸಲ ವಾಕಿಟಾಕಿಯಲ್ಲಿ "ಕೆಂಪು ಇಟ್ರಾ ಸಾರ್?" ಅಂತ ಕೇಳ್ತಾನಂತೆ. ಒಬ್ಬರು ನಿನ್ನ ಕೆಲಸ ನೀನು ನೋಡ್ಕೋ ಅಂತ ಬೈದರಂತೆ.

ಯಾರು ಅಂತ ಕೇಳಲಿಲ್ಲ. ಎರಡು ತಿಂಗಳ ಹಿಂದೆ ನನ್ನನ್ನು ಕೇಳಿದ್ದರೆ ನಾನೂ ಬೈತಿದ್ದೆ.