ಕೌದಿಯ ಹೊಲಿಗೆಯೊಳಗಿನ ಕೆಂಪು

ಗದಗಿನ ಕಡೆಯಿಂದ ಮುಂಬಯಿಗೆ ಬಂದು ಪರೇಲಿನ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಿದ ನಮ್ಮ ಅಜ್ಜ, ಅಜ್ಜಿಯ ಜೊತೆ ತೆಗೆಸಿಕೊಂಡ ಒಂದೇ ಒಂದು ಛಾಯಾಚಿತ್ರ ನಮ್ಮ ಮನೆಯಲ್ಲಿ ಉಳಿದಿದೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ 1938 ಎಂದು ಬರೆದಿದೆ. ಅಜ್ಜ ಕುರ್ಚಿಯಲ್ಲಿ ಕುಳಿತಿದ್ದಾರೆ. ಪಕ್ಕದಲ್ಲಿ ನಿಂತ ಅಜ್ಜಿ ಇಳಕಲ್ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದು, ನೇರವಾಗಿ ನಮ್ಮನ್ನೇ ನೋಡುತ್ತಿದ್ದಾರೆ. ಕಳೆದ ಮಳೆಗಾಲದಲ್ಲಿ ಈ ಚಿತ್ರವನ್ನು ಸ್ಕ್ಯಾನ್ ಮಾಡಿ, ತಾನಾಗಿಯೇ ಬಣ್ಣ ತುಂಬುವ ತಂತ್ರಾಂಶವೊಂದಕ್ಕೆ ಕೊಟ್ಟೆ. ಅರೆಕ್ಷಣದಲ್ಲಿ ಬಣ್ಣ ಬಂತು. ಸೀರೆ ಕಂದು, ಸೆರಗು ಕಪ್ಪು, ಹಣೆಯ ಕುಂಕುಮವೂ ಕಪ್ಪು.

ಡೊಂಬಿವಲಿಯಲ್ಲಿರುವ ನನ್ನ ಸೋದರತ್ತೆಗೆ ಅದನ್ನು ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಅವ್ವನ ಸೆರಗ ಕಪ್ಪ ಅಲ್ಲಪಾ, ಕೆಂಪ ಇತ್ತ" ಎಂದರು. ಆ ಒಂದು ಮಾತಿನಿಂದಲೇ ನನ್ನ ನಿಜವಾದ ಕೆಲಸ ಆರಂಭವಾಯಿತು.

ಹಳೆಯ ಕ್ಯಾಮೆರಾದೊಳಗೆ ಚಿತ್ರವನ್ನು ಹಿಡಿಯುತ್ತಿದ್ದ, ಬೆಳ್ಳಿಯ ಲವಣಗಳನ್ನು ಲೇಪಿಸಿದ ಫಲಕಕ್ಕೆ ಸಹಜವಾಗಿ ಕಾಣುವುದು ನೀಲಿ ಮತ್ತು ನೇರಳೆಯ ಕಡೆಯ ಬೆಳಕು ಮಾತ್ರ. ಲೇಪಕ್ಕೆ ತಕ್ಕ ವರ್ಣದ್ರವ್ಯವನ್ನು ಬೆರೆಸಿದರೆ ಅದಕ್ಕೆ ಹಸಿರೂ ಕಾಣುವಂತೆ ಮಾಡಬಹುದೆಂದು ಜರ್ಮನಿಯ ಹರ್ಮನ್ ವೋಗೆಲ್ 1873ರಲ್ಲಿ ಕಂಡುಕೊಂಡರು. ಇಂಥವು ಆರ್ಥೋಕ್ರೊಮ್ಯಾಟಿಕ್ ಫಲಕಗಳು. ಕೆಂಪನ್ನೂ ಗ್ರಹಿಸಬಲ್ಲ ಪ್ಯಾನ್‌ಕ್ರೊಮ್ಯಾಟಿಕ್ ಫಲಕಗಳು 1906ರಲ್ಲಿಯೇ ಮಾರಾಟಕ್ಕೆ ಬಂದವಾದರೂ, ಹಳೆಯ ಬಗೆಯವು ಅದಾದ ಮೇಲೂ ದಶಕಗಳ ಕಾಲ ಬಳಕೆಯಲ್ಲಿದ್ದವು. ಅವುಗಳನ್ನು ಕೆಂಪು ದೀಪದ ಬೆಳಕಿನಲ್ಲಿ, ಕಣ್ಣಾರೆ ನೋಡುತ್ತ ಸಂಸ್ಕರಿಸಬಹುದಿತ್ತು, ಏಕೆಂದರೆ ಫಲಕಕ್ಕೆ ಕೆಂಪು ಕಾಣುವುದೇ ಇಲ್ಲ. ಯಾವ ಗುಣದಿಂದ ಛಾಯಾಗ್ರಾಹಕನ ಕೆಲಸ ಹಗುರವಾಯಿತೋ ಅದೇ ಗುಣದಿಂದ ಅಜ್ಜಿಯ ಕುಂಕುಮ ಮಸಿಯ ಬೊಟ್ಟಾಯಿತು. ನಮ್ಮ ಚಿತ್ರ ಆರ್ಥೋ ಫಲಕದ್ದು ಎಂದು ನಾನು ನಿರ್ಧರಿಸಿದ್ದು ಆ ಬೊಟ್ಟನ್ನು ನೋಡಿಯೇ. ಅಜ್ಜನ ಮುಖವೂ ಇದ್ದುದಕ್ಕಿಂತ ಕಪ್ಪಾಗಿ ಮೂಡಿದೆ. ಕಂದು ಮೈಬಣ್ಣದಲ್ಲಿರುವ ಕೆಂಪಿನ ಪಾಲನ್ನೂ ಫಲಕ ಬಿಟ್ಟುಬಿಟ್ಟಿದೆ. ಕಪ್ಪು-ಬಿಳುಪು ಚಿತ್ರವೆಂದರೆ ಬಣ್ಣವನ್ನಷ್ಟೇ ತೆಗೆದ ನಿಜ ಎಂದು ನಾನು ನಂಬಿದ್ದೆ, ಆ ನಂಬಿಕೆ ತಪ್ಪಾಗಿತ್ತು.

ತಂತ್ರಾಂಶಕ್ಕೆ ಇದಾವುದೂ ತಿಳಿಯದು. ಇಂಥ ತಂತ್ರಾಂಶಗಳಿಗೆ ಒಂದು ಉದಾಹರಣೆಯಾಗಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ವಿಧಾನವು ಸುಮಾರು 13 ಲಕ್ಷ ವರ್ಣಚಿತ್ರಗಳ ಬೂದು ರೂಪವನ್ನು ನೋಡಿ, ಅವುಗಳ ಬಣ್ಣವನ್ನು ಊಹಿಸಲು ಕಲಿತದ್ದು. ಹುಲ್ಲು ಹಸಿರು, ಆಕಾಶ ನೀಲಿ ಎಂಬುದು ಹೀಗೆ ಕಲಿಯಬಹುದಾದ ಸಂಗತಿ. ಸೀರೆಗೆ ಯಾವ ಬಣ್ಣವೂ ಇರಬಹುದು. ಎಲ್ಲ ಸಾಧ್ಯತೆಗಳ ಸರಾಸರಿಯನ್ನು ಹಿಡಿದಾಗ ಉಳಿಯುವುದು ಮಂಕಾದ ಕಂದು. ಆ ಸಂಶೋಧಕರೇ ಈ ದೋಷವನ್ನು ಗುರುತಿಸಿ, ಅದನ್ನು ತಗ್ಗಿಸಲು ಯತ್ನಿಸಿದ್ದರು. ನಗರದ ಹಳೆಯ ಚಿತ್ರಗಳಲ್ಲಿ ಇಷ್ಟು ಕಷ್ಟವಿಲ್ಲ: ಮುಂಬಯಿಯ ಫೋರ್ಟ್ ಪ್ರದೇಶದ ಹಳೆಯ ಕಟ್ಟಡಗಳ ಮಲಾಡ್ ಕಲ್ಲಿನ ಹಳದಿ ಛಾಯೆಯನ್ನು ಇಂದಿಗೂ ಹೋಗಿ ನೋಡಿ ಬರಬಹುದು. ಆದರೆ 1930ರಲ್ಲಿ ಮುಂಬಯಿ-ಪುಣೆ ನಡುವೆ ಓಡತೊಡಗಿದ ಡೆಕ್ಕನ್ ಕ್ವೀನ್ ರೈಲಿನ ಬೋಗಿಗಳ ಒಂದು ಜೋಡಣೆ ಬೆಳ್ಳಿಯ ಬಣ್ಣಕ್ಕೆ ಕೆಂಪು ಅಂಚಿನದು, ಇನ್ನೊಂದು ಗಾಢ ನೀಲಿಗೆ ಚಿನ್ನದ ಗೆರೆಯದು ಎಂಬುದನ್ನು ಲಿಖಿತ ದಾಖಲೆಯೇ ಹೇಳಬೇಕು.

ನಮ್ಮ ಮನೆಯಲ್ಲಿ ಲಿಖಿತ ದಾಖಲೆ ಇರಲಿಲ್ಲ, ಒಂದು ಕೌದಿ ಇತ್ತು. ಅಜ್ಜಿಯ ಸೀರೆ ಹರಿದ ಮೇಲೆ ಅದರ ಸೆರಗಿನ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯನ್ನು ಅತ್ತೆ ಇಂದಿಗೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಮೇಲುಭಾಗ ಬಿಸಿಲಿಗೂ ಒಗೆತಕ್ಕೂ ಸಿಕ್ಕಿ ತಿಳಿಗುಲಾಬಿಯಾಗಿದೆ. ಅತ್ತೆ ಒಂದು ಅಂಚಿನಲ್ಲಿ ನಾಲ್ಕು ಹೊಲಿಗೆ ಬಿಚ್ಚಿ ಮಡಿಕೆಯನ್ನು ಹೊರಳಿಸಿದರು. ಒಳಗೆ, ಬೆರಳಿನಷ್ಟು ಅಗಲದಲ್ಲಿ, ದಟ್ಟವಾದ ಕೆಂಪು ಉಳಿದುಕೊಂಡಿತ್ತು. ಅದರ ಮೇಲೆ ಇಳಕಲ್ ಸೆರಗಿನ ತೆನೆಯಾಕಾರದ ವಿನ್ಯಾಸವಾದ ತೋಪುತೆನಿಯ ಬಿಳಿ ಎಳೆಗಳು. ಛಾಯಾಚಿತ್ರದಲ್ಲಿ ಕಪ್ಪು ನೆಲದ ಮೇಲೆ ಕಾಣುವ ತೆನೆಗಳ ಸಾಲು ಇದೇ ಎಂದು ಇಬ್ಬರೂ ಎಣಿಸಿ ಖಚಿತಪಡಿಸಿಕೊಂಡೆವು. ಆ ಅಂಚನ್ನು ಕಿಟಕಿಯ ಬೆಳಕಿನಲ್ಲಿ ಚಿತ್ರ ತೆಗೆದುಕೊಂಡು, ಆ ಬಣ್ಣವನ್ನೇ ಸೆರಗಿಗೆ ಕೈಯಾರೆ ತುಂಬಿದೆ. ಕುಂಕುಮವನ್ನು ತಿದ್ದಿದ್ದು ಕೊನೆಯಲ್ಲಿ. ಅದು ಕೆಂಪಾದ ಕೂಡಲೇ ಅಜ್ಜಿಯ ಮುಖದ ಬಿಗಿತ ಸಡಿಲಿದಂತಾಯಿತು; ಇಷ್ಟು ವರ್ಷ ನಾವು ಗಂಭೀರವೆಂದು ತಿಳಿದಿದ್ದ ಆ ನೋಟದಲ್ಲಿ ಮಗುವಿನಂಥ ಕುತೂಹಲವನ್ನು ನಾನು ಮೊದಲ ಸಲ ಕಂಡೆ.

ಮೂಲ ಪ್ರತಿಯನ್ನು ಮುಟ್ಟದೆ ಬೇರೆಯಾಗಿ ಇಟ್ಟಿದ್ದೇನೆ. ಬಣ್ಣದ ಪ್ರತಿಯ ಹಿಂದೆ ಯಾವ ಬಣ್ಣಕ್ಕೆ ಏನು ಆಧಾರ ಎಂಬುದನ್ನು ಬರೆದಿದ್ದೇನೆ. ಹೀಗೆ ಬರೆಯದೆ ಹಳೆಯ ಚಿತ್ರಕ್ಕೆ ಬಣ್ಣ ಹಾಕಿ ಹಂಚುವುದು ನನಗೆ ಸರಿಯೆನಿಸುವುದಿಲ್ಲ.

ಸೀರೆಯ ಒಡಲಿನ ಬಣ್ಣ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಆ ಬಟ್ಟೆ ಅಪ್ಪನ ತೊಟ್ಟಿಲಿಗೆ ಹೋಗಿ ಸವೆದುಹೋಯಿತಂತೆ. ಚಿತ್ರದಲ್ಲಿ ಅದು ಸೆರಗಿಗಿಂತ ಎಷ್ಟೋ ತಿಳಿಯಾಗಿರುವುದರಿಂದ ಕೆಂಪಲ್ಲ ಎಂದಷ್ಟು ಹೇಳಬಲ್ಲೆ. ಅತ್ತೆ ಗಿಳಿಹಸಿರು ಎನ್ನುತ್ತಾರೆ, ಅಪ್ಪ ನೀಲಿ ಎನ್ನುತ್ತಾರೆ, ಆರ್ಥೋ ಫಲಕದಲ್ಲಿ ಎರಡೂ ತಿಳಿಯಾಗಿಯೇ ಮೂಡುತ್ತವೆ. ಅದಕ್ಕಾಗಿ ಒಡಲನ್ನು ಬೂದುಬಣ್ಣದಲ್ಲಿಯೇ ಬಿಟ್ಟಿದ್ದೇನೆ. ಊರಿನ ಮನೆಯಲ್ಲಿ ಇನ್ನೊಂದು ಕೌದಿ ಇದೆಯೆಂದು ಅತ್ತೆ ಹೇಳಿದ್ದಾರೆ. ದೀಪಾವಳಿಗೆ ಹೋದಾಗ ಅದರ ಅಂಚನ್ನೂ ಬಿಚ್ಚಿ ನೋಡಬೇಕು.