ಅಂಕೋಲಾದಲ್ಲಿ ನೋಡುವುದಕ್ಕೆ ಏನಿದೆ?

ಗೋಕರ್ಣಕ್ಕೆ ಹೊರಟವರು ನನಗೊಂದು ಫೋನು ಮಾಡುವುದು ರೂಢಿ. "ದಾರಿಯಲ್ಲಿ ನಿಮ್ಮ ಅಂಕೋಲಾ ಸಿಗುತ್ತದಲ್ಲ, ಅಲ್ಲಿ ನೋಡುವುದಕ್ಕೆ ಏನಿದೆ?" ಹುಬ್ಬಳ್ಳಿ ರಸ್ತೆ ಘಟ್ಟ ಇಳಿದು ಕರಾವಳಿಯ ಹೆದ್ದಾರಿಯನ್ನು ಕೂಡುವುದು ನಮ್ಮೂರ ಬಳಿಯೇ. ಊರು ಸಿಗುತ್ತದೆ ನಿಜ, ಬಸ್ಸಿನಲ್ಲಿ ನಿದ್ದೆ ಹೋದವರಿಗೆ ಕಾಣುವುದಿಲ್ಲ ಅಷ್ಟೇ. ಮೊದಲು ನಾನು ಕೇಣಿ, ಬೇಲೇಕೇರಿ ಎಂದು ಕಡಲ ತೀರಗಳ ಹೆಸರು ಹೇಳಿ ಮಾನ ಉಳಿಸಿಕೊಳ್ಳುತ್ತಿದ್ದೆ. ಈಗ ಹೇಳುವುದು ಇಷ್ಟೇ: ಮೇ ತಿಂಗಳಲ್ಲಿ ಬನ್ನಿ, ಬೆಳಿಗ್ಗೆ ಪೇಟೆಗೆ ಹೋಗಿ, ಕೈಯಲ್ಲೊಂದು ಗಟ್ಟಿ ಚೀಲವಿರಲಿ.

ಆ ಹೊತ್ತಿಗೆ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ಕರಿ ಈಶಾಡು ಮಾವಿನಹಣ್ಣು ತಂದು ಕೂತಿರುತ್ತಾರೆ. ಸಿಪ್ಪೆ ತೆಳು, ತಿರುಳು ಹೆಚ್ಚು, ಬಾಳಿಕೆ ಕಡಿಮೆ. 2023ರಲ್ಲಿ ಇದಕ್ಕೆ, ಇದು ಈ ಸೀಮೆಯದೇ ಹಣ್ಣೆಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿತು. ಬುಟ್ಟಿಯ ಮುಂದೆ ಕೂತವರು ಅದರ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಲು ಹೋಗಿ ನಾನು ಬೈಸಿಕೊಂಡಿದ್ದೇನೆ. ಒತ್ತಿದ ಜಾಗ ಸಂಜೆಯೊಳಗೆ ಕೊಳೆಯುತ್ತದೆಯಂತೆ. ಆಕೆ ತಾನೇ ಒಂದೊಂದನ್ನು ಅಂಗೈಯಲ್ಲಿ ತೂಗಿ, ತೊಟ್ಟಿನ ಹತ್ತಿರ ಮೂಸಿ, ಎರಡು ಗುಂಪು ಮಾಡಿದಳು. "ಇದು ಇವತ್ತು ರಾತ್ರಿಗೆ, ಇದು ನಾಳೆಗೆ. ನಾಡಿದ್ದಿಗೆ ಯಾವುದೂ ಇಲ್ಲ ತಮಾ." ಅಂಗಡಿಯಲ್ಲಿ ಇಷ್ಟು ಪ್ರಾಮಾಣಿಕವಾಗಿ ಯಾರು ಮಾರುತ್ತಾರೆ?

ಅವರ ಕೊರಳಿನ ಕರಿಮಣಿ ಸರಗಳನ್ನು ಕಂಡು ಕ್ಯಾಮೆರಾ ಎತ್ತುವವರಿದ್ದಾರೆ. ಹಣ್ಣು ಕೊಳ್ಳದೆ ಚಿತ್ರ ಮಾತ್ರ ತೆಗೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಡುಗಳ ಕಣಜವೆನಿಸಿದ್ದ ಬಡಿಗೇರಿಯ ಸುಕ್ರಿ ಬೊಮ್ಮಗೌಡ, ಗಿಡ ನೆಟ್ಟೇ ಹೆಸರಾದ ಹೊನ್ನಳ್ಳಿಯ ತುಳಸಿ ಗೌಡ ಇದೇ ಸಮುದಾಯದವರು, ಇದೇ ತಾಲ್ಲೂಕಿನವರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. 2024ರ ಡಿಸೆಂಬರಿನಲ್ಲಿ ತುಳಸಜ್ಜಿ, 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು.

ಮೀನು ಪೇಟೆಯಲ್ಲೂ ಹೆಂಗಸರದೇ ಕಾರುಬಾರು. ಬಂಗಡೆಯ ದರ ಕೇಳಿ ಮುಂದೆ ಹೋದರೆ ಬೆನ್ನ ಹಿಂದೆ ಒಂದು ಮಾತು ಬಂದೇ ಬರುತ್ತದೆ, ತಿರುಗಿ ನೋಡಬಾರದು. ಮೇ ತಿಂಗಳೆಂದರೆ ಮಳೆಗಾಲದ ಸಾಮಾನು ಕೂಡಿಡುವ ಕಾಲ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಒಣಮೀನು ಈಗಲೇ ಮನೆ ಸೇರಬೇಕು. ವೈಶಾಖದ ಹುಣ್ಣಿಮೆಗೆ ಊರದೇವಿಯ ಬಂಡಿಹಬ್ಬವೂ ಇದೆ. ಮುಂಬೈಗೆ ಹೋದವರು ದೀಪಾವಳಿ ತಪ್ಪಿಸಿಯಾರು, ಅದನ್ನು ತಪ್ಪಿಸುವುದಿಲ್ಲ.

ಇತಿಹಾಸ ಬೇಕೆನ್ನುವವರಿಗೆ ಉಪ್ಪಿನ ಕಥೆ ಹೇಳುತ್ತೇನೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿದದ್ದು ಇಲ್ಲಿ. ಆಮೇಲೆ ಕರನಿರಾಕರಣೆ ಚಳವಳಿ ನಡೆದು, ಜಮೀನು ಮುಟ್ಟುಗೋಲಾದರೂ ಕಂದಾಯ ಕಟ್ಟದ ರೈತರಿದ್ದರು. ಅದಕ್ಕೇ, ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ನೆನಪಿನಲ್ಲಿ, ಊರಿಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು. ಚುಟುಕಗಳ ದಿನಕರ ದೇಸಾಯಿ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ಅದು ಶಾಲೆ, ಕಾಲೇಜು ತೆರೆದ ಮೇಲೆ, ಕಾಲೇಜು ಓದಲು ನಮ್ಮವರು ಧಾರವಾಡಕ್ಕೆ ಹೋಗಲೇಬೇಕೆಂಬ ಕಾಲ ಮುಗಿಯಿತು.

ಹೊರಗಿನವರ ಕಿವಿಗೆ ನಮ್ಮ ಹೆಸರು ಬಿದ್ದದ್ದು ಮಾತ್ರ ಬೇಲೇಕೇರಿ ಬಂದರಿನಿಂದ ಅಕ್ರಮವಾಗಿ ಸಾಗಿದ ಕಬ್ಬಿಣದ ಅದಿರಿನಿಂದ, ಮತ್ತೆ 2024ರ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಜರಿದು ಬಿದ್ದಾಗ. ಅಂದು ಗಂಗಾವಳಿಯ ದಂಡೆಯ ಚಹಾದಂಗಡಿಯೇ ಮಣ್ಣಾಯಿತು. ಈಗಲೂ ಅಲ್ಲಿ ಬಸ್ಸಿನೊಳಗೆ ಮಾತು ನಿಲ್ಲುತ್ತದೆ.

ಹೋದ ವರ್ಷ ಬೆಂಗಳೂರಿನ ಗೆಳೆಯನೊಬ್ಬ ನನ್ನ ಮಾತು ಕೇಳಿ ಪೇಟೆಗೆ ಹೋದ. ನಾಳೆಗೆ ಎಂದು ಕೊಟ್ಟ ಹಣ್ಣನ್ನು ಮೂರು ದಿನ ಗೋಕರ್ಣದಲ್ಲಿ ಸುತ್ತಾಡಿಸಿ ಬೆಂಗಳೂರಿಗೆ ಒಯ್ದನಂತೆ. ಚೀಲ ತೊಳೆಯುತ್ತಾ ಫೋನು ಮಾಡಿದ್ದ.