ಮೂವತ್ತು ರೂಪಾಯಿ ಗ್ಯಾಸ್ಕೆಟ್ ಉಳಿಸಲು ಹೋಗಿ

ಹೋದ ವರ್ಷ ಪುಷ್ಯ ಮಳೆ ಎರಡು ದಿನ ಬಿಡುವು ಕೊಟ್ಟಾಗಿನ ಮಾತು. ಹುಮನಾಬಾದ್ ರಸ್ತೆ ಕಡೆಯ ನಮ್ಮ ಗ್ಯಾರೇಜಿನ ಮುಂದೆ ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿದ್ದವು. ಮಳೆ ನಿಂತ ತಕ್ಷಣ ಎಲ್ಲರಿಗೂ ಸಾಲಿನ ನಡುವಿನ ಹುಲ್ಲು ತೆಗೆಯಲು ಎಡೆ ಹೊಡೆಯುವ ಅವಸರ. ವರ್ಷವಿಡೀ ಶೆಡ್ಡಿನಲ್ಲಿ ಕೋಳಿ ಕೂರಿಸಿಕೊಂಡಿದ್ದ ಗಾಡಿಗಳೆಲ್ಲ ಒಂದೇ ದಿನ ನೆನಪಾಗುತ್ತವೆ.

ಅವುಗಳಲ್ಲಿ ಒಂದು ಆಳಂದ ಕಡೆಯ ಕಾಕಾ ಅವರದು. 18 ಎಚ್‌ಪಿ, ಮೂರು ಸಿಲಿಂಡರಿನ ಸಣ್ಣ ಟ್ರ್ಯಾಕ್ಟರ್. ಬಣ್ಣ ಹೋಗಿ ಬಾನೆಟ್ ಮೇಲೆ ಬರೀ ಪ್ರೈಮರ್ ಉಳಿದಿದೆ. ಅಗಲ ಮೂರು ಅಡಿ ಆಸುಪಾಸು, ಹಾಗಾಗಿ ನಾಲ್ಕು ಅಡಿಯ ತೊಗರಿ ಸಾಲಿನಲ್ಲಿ ಆರಾಮಾಗಿ ನುಗ್ಗುತ್ತದೆ. ಹಿಂದೆ ಬ್ಲೇಡ್ ತಿರುಗಿಸಿ ಮಣ್ಣು ಪುಡಿ ಮಾಡುವ ಮೂರು ಅಡಿಯ ರೋಟಾವೇಟರ್. ಹದಿನೈದು ವರ್ಷ ದಾಟಿದ ಗಾಡಿ, ಆದರೆ ಕಾಕಾ ಅದನ್ನು ಮಾರುವ ಮಾತು ಎತ್ತಿದವರಲ್ಲ.

ದೂರು ಎರಡು. ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ಎಫ್‌ಐ ಪಂಪಿನ ತಲೆಯಿಂದ ಡೀಸೆಲ್ ಒಸರುವುದು, ಎಡಗಡೆ ಬ್ರೇಕ್ ಹಿಡಿಯದಿರುವುದು. ಪಂಪನ್ನು ಹಿಂದಿನ ದಿನವೇ ಬಿಚ್ಚಿ ಕ್ಯಾಲಿಬ್ರೇಷನ್ ಅಂಗಡಿಗೆ ಕಳಿಸಿದ್ದೆ. ಅದು ಮಧ್ಯಾಹ್ನ ಎರಡಕ್ಕೆ ಬಂತು. ಕಾಕಾ ಬೆಳಿಗ್ಗೆಯಿಂದಲೇ ಬಂದು ಕೂತಿದ್ದರು.

"ಸಂಜಿಗಿ ಕೊಟ್ಟುಬಿಡಪ್ಪ ಮಿಸ್ತ್ರಿ. ಮತ್ತ ಮಳಿ ಹತ್ತಿದ್ರ ಹುಲ್ಲು ತೊಗರಿ ನುಂಗ್ತದ."

"ಕೊಡ್ತೀನ್ರಿ ಕಾಕಾ, ಒಂದ್ ತಾಸಿನ ಕೆಲಸ."

ಈ 'ಒಂದು ತಾಸು' ನನ್ನ ಬಾಯಿಗೆ ಬಂದದ್ದೂ ಸುಮ್ನೆ ಅಲ್ಲ. ನಮ್ಮ ಸೇಠ್ ಆ ವರ್ಷ ಜಾಬ್ ಕಾರ್ಡ್ ಎಲ್ಲವನ್ನೂ ಮೊಬೈಲಿಗೆ ಹಾಕಿಸಿದ್ದರು. ಪಂಪ್ ಫಿಟ್ಟಿಂಗಿಗೆ 90 ನಿಮಿಷ ಅಂತ ಅದರಲ್ಲಿ ಬರೆದಿದೆ. ದಾಟಿದರೆ ಹೆಸರಿನ ಮುಂದೆ ಕೆಂಪು ಚುಕ್ಕೆ. ಕೆಲಸಕ್ಕೆ ಮುಂಚೆ ಆರು ಫೋಟೊ, ಆಮೇಲೆ ಆರು ಫೋಟೊ. ಫೋಟೊ ಹೊಡೆಯಲು ಹೊಸ ಫೋನ್ ಬಂತು. ಟಾರ್ಕ್ ರೆಂಚ್ ಕೇಳಿ ಮೂರು ವರ್ಷ ಆಯಿತು, ಅದು ಇನ್ನೂ 'ನೋಡೋಣ'ದಲ್ಲೇ ಇದೆ.

ಈ ಜಾತಿಯ ಎಂಜಿನ್ನಿನಲ್ಲಿ ಪಂಪ್ ಕೂರಿಸುವುದು ನೋಡಲು ಸುಲಭ. ಬ್ಲಾಕಿನ ಪಕ್ಕದಲ್ಲಿ ಒಂದು ತೂತು, ಅದರೊಳಗೆ ಪಂಪ್ ಇಳಿಸಿ ನಟ್ ಬಿಗಿಯುವುದು. ಕೆಳಗೆ ಕಾಗದದಷ್ಟು ತೆಳುವಾದ ತಗಡಿನ ತುಂಡುಗಳು, ಶಿಮ್ ಅಂತಾರೆ, ಇರುತ್ತವೆ. ಅವು ಇದ್ದಷ್ಟೇ ವಾಪಸ್ ಹೋಗಬೇಕು. ಒಂದು ಕಮ್ಮಿ ಆದರೆ ಟೈಮಿಂಗ್ ಮುಂದಕ್ಕೆ ಹೋಗಿ, ಅಂದರೆ ಡೀಸೆಲ್ ಬೇಗ ಬಿದ್ದು, ಎಂಜಿನ್ ಕುಟ್ಟಲು ಶುರುವಾಗುತ್ತದೆ. ಅದಕ್ಕೇ ನಾನು ಬಿಚ್ಚಿದ ತಕ್ಷಣ ಶಿಮ್‌ಗಳನ್ನು ತಂತಿಗೆ ಪೋಣಿಸಿ ಗೋಡೆಗೆ ತೂಗುಹಾಕುತ್ತೇನೆ. ಆ ದಿನವೂ ಹಾಕಿದ್ದೆ, ಎರಡಕ್ಕೆ ಎರಡೂ ಇದ್ದವು. ಶಿಮ್ ವಿಷಯದಲ್ಲಿ ನನ್ನನ್ನು ಯಾರೂ ಬೈಯುವಂತಿಲ್ಲ.

ಬೈಯಬೇಕಾದದ್ದು ರ್ಯಾಕ್ ಪಿನ್ ವಿಷಯಕ್ಕೆ. ಡೀಸೆಲ್ ಹೆಚ್ಚು ಕಮ್ಮಿ ಮಾಡುವ ಸರಳು, ಅಂದರೆ ಪಂಪಿನ ರ್ಯಾಕ್‌ನಲ್ಲಿ ಒಂದು ಸಣ್ಣ ಪಿನ್ ಇರುತ್ತದೆ, ಕಡಲೆಬೇಳೆಗಿಂತ ಸ್ವಲ್ಪ ದಪ್ಪ. ಪಂಪ್ ಇಳಿಸುವಾಗ ಅದು ಎಂಜಿನ್ ಓಟವನ್ನು ಹದದಲ್ಲಿಡುವ ಗವರ್ನರ್ ಲಿವರಿನ ಫೋರ್ಕಿನೊಳಗೆ, ಆ ಸೀಳಿಗೆ ಸರಿಯಾಗಿ ಕೂರಬೇಕು. ಕೈ ರೇಸ್ ಮಾತು ಕೇಳುವುದು, ಸ್ಟಾಪ್ ನಾಬ್ ಎಳೆದರೆ ಬಂದ್ ಆಗುವುದು, ಎಲ್ಲವೂ ಆ ಪಿನ್ ಮೂಲಕವೇ. ಕೂತಿದೆಯೋ ಇಲ್ಲವೋ ನೋಡಲು ಪಕ್ಕದಲ್ಲೊಂದು ಕಿಟಕಿ ಇದೆ. ಎರಡು 10 ನಂಬರ್ ಬೋಲ್ಟ್, ಸೋರದ ಹಾಗೆ ಒಳಗೆ ಕಾಗದದ ಗ್ಯಾಸ್ಕೆಟ್.

ನಾನು ಕಿಟಕಿ ತೆಗೆಯಲಿಲ್ಲ.

ತೆಗೆದರೆ ಗ್ಯಾಸ್ಕೆಟ್ ಹರಿಯುತ್ತದೆ. ಅದರ ಬೆಲೆ ಮೂವತ್ತು ರೂಪಾಯಿ, ಆದರೆ ನಮ್ಮ ಸ್ಟೋರಿನಲ್ಲಿ ಇರಲಿಲ್ಲ. ಸೊಲ್ಲಾಪುರದಿಂದ ಬಸ್ಸಿಗೆ ಹಾಕಿಸಬೇಕು, ಅಂದರೆ ನಾಳೆ ಸಂಜೆ. 2019ರಲ್ಲಿ ನಮ್ಮ ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದರೆ ಈ ನೆಲದ ಬೆಳೆ ಅನ್ನುವ ಸರ್ಕಾರಿ ಗುರುತು ಬಂತು, ಊರೆಲ್ಲ ಖುಷಿಪಟ್ಟೆವು. ಆ ತೊಗರಿ ಸಾಲಿನಲ್ಲಿ ಓಡಾಡುವ ಗಾಡಿಗೆ ಒಂದು ತುಂಡು ಕಾಗದ ಊರಲ್ಲಿ ಸಿಗುವುದಿಲ್ಲ. ಹಳೇ ಕ್ಯಾಲೆಂಡರ್ ರಟ್ಟು ಕತ್ತರಿಸಿ ಗ್ಯಾಸ್ಕೆಟ್ ಮಾಡಿಕೊಳ್ಳಬಹುದಿತ್ತು, ಹತ್ತು ನಿಮಿಷದ ಕೆಲಸ. ಫೋನಿನಲ್ಲಿ ಆಗಲೇ 70 ನಿಮಿಷ ತೋರಿಸುತ್ತಿತ್ತು.

ಹಾಗಾಗಿ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಎಡಗೈ ಬೆರಳಿನಿಂದ ಫೋರ್ಕ್ ಹಿಡಿದು, ಬಲಗೈಯಲ್ಲಿ ಪಂಪ್ ಇಳಿಸಿದೆ. ಕೈಗೆ 'ಟಕ್' ಅಂತ ಹತ್ತಿತು. ಹದಿನಾಲ್ಕು ವರ್ಷದ ಕೈ, ಸುಳ್ಳು ಹೇಳುತ್ತಾ ಅಂದುಕೊಂಡೆ.

ಇದಕ್ಕೆ ಮೊದಲು ಇನ್ನೊಂದು ಆಗಿತ್ತು. ಪಂಪ್ ಬರುವ ತನಕ ಕೈ ಖಾಲಿ ಇದ್ದ ನಮ್ಮ ಹೆಲ್ಪರ್ ಹುಡುಗ, ಐಟಿಐ ಮುಗಿಸಿ ಬಂದವನು, ಎಂಜಿನ್ನಿನ ತಿರುಗುವ ಬಲವನ್ನು ರೋಟಾವೇಟರಿಗೆ ಒಯ್ಯುವ ಪಿಟಿಒ ಶಾಫ್ಟಿನ ಕ್ರಾಸ್‌ಗಳಿಗೆ ಗ್ರೀಸ್ ಹೊಡೆಯಲು ಕೂತಿದ್ದ. ಗಾರ್ಡ್ ಸರಿಸಿ, ಹಳೇ ಗ್ರೀಸ್ ಹೊರಗೆ ಬರುವ ತನಕ ಹೊಡೆದು, ಒರೆಸಿ, ಮತ್ತೆ ಹೊಡೆದು. ನಾನೇ ಬೈದಿದ್ದೆ. "ಜಾಬ್ ಕಾರ್ಡಿನ್ಯಾಗ ಇಲ್ಲದ ಕೆಲಸ ಯಾಕ ಮಾಡ್ತಿ? ಬ್ರೇಕ್ ನೋಡು ಹೋಗು." ಅವನು ಗ್ರೀಸ್ ಗನ್ ಕೆಳಗಿಟ್ಟು ಎದ್ದ. ಅಷ್ಟರಲ್ಲಿ ಪಂಪ್ ಬಂತು, ಬ್ರೇಕಿನ ಮಾತು ಅಲ್ಲೇ ನಿಂತಿತು.

ಫಿಲ್ಟರಿನ ಸ್ಕ್ರೂ ಸಡಿಲಿಸಿ ಗಾಳಿ ತೆಗೆದೆವು. ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಕಡೆಯ ನಟ್ ಸಡಿಲಿಸಿ ಸೆಲ್ಫ್ ಹೊಡೆದೆವು, ಗುಳ್ಳೆ ಹೋಗಿ ಬರೀ ಡೀಸೆಲ್ ಚಿಮ್ಮಿದ ಮೇಲೆ ಒಂದೊಂದೇ ಬಿಗಿದೆವು. ಏರ್ ಫಿಲ್ಟರ್ ಊದಲು ಬಿಚ್ಚಿದ್ದರಿಂದ ಅದರ ರಬ್ಬರ್ ಪೈಪ್ ಕೂಡ ತೆಗೆದಿಟ್ಟಿದ್ದೆವು, ಎಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡ್ ಬಾಯಿ ತೆರೆದೇ ಇತ್ತು. 'ಒಂದ್ಸಲ ಚಾಲೂ ಮಾಡಿ ನೋಡೋಣ, ಆಮೇಲೆ ಹಾಕಿದರಾಯಿತು' ಅಂದೆ. ಸೆಲ್ಫ್ ಒತ್ತಿದೆ.

ಅರ್ಧ ಸುತ್ತಿಗೇ ಹಿಡಿಯಿತು. ನನಗೆ ಖುಷಿ. ಎರಡು ಸೆಕೆಂಡ್ ಅಷ್ಟೇ. ಸದ್ದು ಏರುತ್ತಾ ಹೋಯಿತು. ರೇಸ್ ಲಿವರ್ ಕೆಳಗೇ ಇತ್ತು, ಇನ್ನೊಮ್ಮೆ ಒತ್ತಿ ನೋಡಿದೆ. ಸದ್ದು ಇನ್ನೂ ಏರಿತು. ನಿಮಿಷಕ್ಕೆ 2700 ಸುತ್ತಿನಲ್ಲಿ ನಿಲ್ಲಬೇಕಾದ ಮೀಟರ್ ಮುಳ್ಳು ಕೊನೆ ಮುಟ್ಟಿ ಅಲ್ಲೇ ನಡುಗುತ್ತಿತ್ತು. ಸೈಲೆನ್ಸರ್‌ನಿಂದ ಕಪ್ಪು ಹೊಗೆ, ತಗಡಿನ ಮಾಡು ತುಂಬಿತು. ಸ್ಟಾಪ್ ನಾಬ್ ಎಳೆದೆ. ಏನೂ ಇಲ್ಲ. ಬುಡಕ್ಕೆ ಬರುವ ತನಕ ಎಳೆದೆ. ಕೈಗೆ ಬರೀ ವೈರ್ ಬಂದ ಹಾಗೆ ಹಗುರ.

ಆಗಲೇ ಗೊತ್ತಾಯಿತು, ಪಿನ್.

ಟಾಪ್ ಗೇರಿಗೆ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟರೆ ಎಂಜಿನ್ ಉಸಿರುಕಟ್ಟಿ ಸಾಯುತ್ತದೆ. ಆದರೆ ಎದುರಿಗೆ ಗೋಡೆ, ಗೋಡೆಗೂ ಗಾಡಿಗೂ ನಡುವೆ ಇನ್ನೊಬ್ಬರ ಬೈಕು, ಎಡಗಡೆ ಬ್ರೇಕ್ ಇಲ್ಲವೇ ಇಲ್ಲ. ಜಿಗಿದು ಡೀಸೆಲ್ ಕಾಕ್ ಬಂದ್ ಮಾಡಿದೆ. ಫಿಲ್ಟರಿನಲ್ಲಿ, ಪೈಪಿನಲ್ಲಿ ಉಳಿದ ಡೀಸೆಲ್ ಮುಗಿಯುವ ತನಕ ಅದು ಓಡುತ್ತದೆ ಅಂತ ಗೊತ್ತಿತ್ತು. 17 ನಂಬರ್ ಪಾನಾ ಸಿಕ್ಕಿತು, ಒಂದು ನಾಜಲ್ ಪೈಪಿನ ನಟ್ ಸಡಿಲಿಸಿದೆ. ಡೀಸೆಲ್ ಮಂಜಿನ ಹಾಗೆ ಚಿಮ್ಮಿ ಕನ್ನಡಕ ಮುಚ್ಚಿತು. ಒಂದು ಸಿಲಿಂಡರ್ ಬಿಟ್ಟಿತು, ಉಳಿದ ಎರಡು ಇನ್ನೂ ಅರಚುತ್ತಲೇ ಇದ್ದವು. ಆ ಒತ್ತಡದ ಡೀಸೆಲ್ ಚರ್ಮದ ಒಳಗೇ ಹೊಕ್ಕುತ್ತದೆ, ಬೆರಳು ಕಳಕೊಂಡವರಿದ್ದಾರೆ. ಎಲ್ಲ ಗೊತ್ತಿದ್ದೂ ಕೈ ಇಟ್ಟೆ.

ಹುಡುಗ ಬನಿಯನ್ ವೇಸ್ಟ್ ಮುದ್ದೆ ಹಿಡಿದು ಮ್ಯಾನಿಫೋಲ್ಡ್ ಬಾಯಿಗೆ ಬಂದ. "ಬಟ್ಟಿ ಬ್ಯಾಡಾ! ಎಳ್ಕೊಂತದ!" ಅಂತ ಕೂಗಿದೆ. ಸದ್ದಿನಲ್ಲಿ ಕೇಳಿಸಿತೋ, ನನ್ನ ಮುಖ ನೋಡಿ ತಿಳಿಯಿತೋ. ವೇಸ್ಟ್ ಬಿಸಾಡಿ, ಜಾಕಿನ ಕೆಳಗೆ ಇಡುವ ಹಲಗೆ ತಂದ. ಅದರ ಮೇಲೆ ಟ್ಯೂಬ್ ರಬ್ಬರಿನ ತುಂಡು ಹೊಡೆದಿದೆ, ಜಾರಬಾರದು ಅಂತ. ರಬ್ಬರ್ ಬದಿಯನ್ನು ಬಾಯಿಗೆ ಒತ್ತಿದ. ಎಂಜಿನ್ನೇ ಹಲಗೆಯನ್ನು 'ಚಪ್' ಅಂತ ಎಳೆದುಕೊಂಡಿತು. ಎರಡು ಸಲ ಬಿಕ್ಕಿತು. ಗಾಡಿ ಇಡೀ ಅಲುಗಿತು. ನಿಂತಿತು.

ಒಟ್ಟು ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಕಿವಿಯೊಳಗಿನ 'ಗುಂಯ್' ಮಾತ್ರ ರಾತ್ರಿ ಊಟದ ತನಕ ಇತ್ತು.

ಹೊಗೆ ಸರಿದ ಮೇಲೆ ಹಿಂದೆ ತಿರುಗಿದೆ. ಕಾಕಾ ರೋಟಾವೇಟರಿನ ಮೇಲೆ ಕೂತಿದ್ದಾರೆ. ಕೈಯಲ್ಲಿ ಚಹಾದ ಲೋಟ, ಕಾಲು ಬ್ಲೇಡಿನ ಪಕ್ಕದಲ್ಲಿ. ಎಷ್ಟು ಹೊತ್ತಿನಿಂದ ಕೂತಿದ್ದರೋ ನಾನು ನೋಡಿರಲಿಲ್ಲ. "ಎಷ್ಟ್ ಜೋರ್ ಬಂತಲ್ಲೋ, ಪಂಪ್ ಛಲೋ ಆಗ್ಯಾದ!" ಅಂದರು.

ನನ್ನ ಕಾಲಲ್ಲಿ ಬಲ ಹೋಯಿತು. ಪಿಟಿಒ ಲಿವರ್ ನೋಡಿದೆ. ನ್ಯೂಟ್ರಲ್. ನಾನು ಇಟ್ಟದ್ದಲ್ಲ. ಗಾಡಿ ಬಂದಾಗ ಅದು ಗೇರಿನಲ್ಲೇ ಇತ್ತಂತೆ. ಶಾಫ್ಟ್ ಕೈಯಿಂದ ತಿರುಗಿಸಿ ಗ್ರೀಸ್ ನಿಪ್ಪಲ್ ಮೇಲೆ ತರಬೇಕಲ್ವಾ, ಅದಕ್ಕೆ ಹುಡುಗ ನ್ಯೂಟ್ರಲ್ ಮಾಡಿದ್ದ. ಜಾಬ್ ಕಾರ್ಡಿನಲ್ಲಿ ಇಲ್ಲದ ಆ ಕೆಲಸಕ್ಕೆ. ಪಿಟಿಒ ನಿಮಿಷಕ್ಕೆ 540 ಸುತ್ತಿನ ಲೆಕ್ಕದ್ದು, ಆ ದಿನದ ಓಟದಲ್ಲಿ ಬ್ಲೇಡ್ ಎಷ್ಟು ತಿರುಗುತ್ತಿತ್ತು ಅಂತ ಲೆಕ್ಕ ಹಾಕಲು ನಾನು ಇವತ್ತಿನ ತನಕ ಕೂತಿಲ್ಲ. ಪಿನ್ ತಪ್ಪಿದ್ದು ಕೈಯ ತಪ್ಪು, ಅದನ್ನು ನಗುತ್ತಾ ಹೇಳಿಕೊಳ್ಳಬಲ್ಲೆ. ಸೆಲ್ಫ್ ಒತ್ತುವ ಮುಂಚೆ ಹಿಂದೆ ಒಮ್ಮೆ ತಿರುಗಿ ನೋಡಲಿಲ್ಲವಲ್ಲ, ಅದು ಚುಚ್ಚುತ್ತದೆ.

ಕಿಟಕಿ ತೆಗೆದೆ. ಗ್ಯಾಸ್ಕೆಟ್ ಹರಿಯಿತು, ಹರಿಯಲೇಬೇಕಿತ್ತು. ಪಿನ್ ಸೀಳಿನ ಹೊರಗೆ ಫೋರ್ಕಿನ ಪಕ್ಕೆಗೆ ಒರಗಿಕೊಂಡು ನಿಂತಿತ್ತು, ರ್ಯಾಕ್ ಫುಲ್ ಡೀಸೆಲ್ ಕಡೆಗೇ ಸಿಕ್ಕಿಕೊಂಡಿತ್ತು. ಪಂಪ್ ಎತ್ತಿ ಮತ್ತೆ ಕೂರಿಸಿದೆ. ಸ್ಟಾಪ್ ನಾಬ್ ಎಳೆದು ಬಿಟ್ಟು ಎಳೆದು ಬಿಟ್ಟು, ಕಿಟಕಿಯಿಂದ ಪಿನ್ ಹೋಗಿ ಬರುವುದನ್ನು ಎಂಟು ಸಲ ನೋಡಿದೆ. ಸೇಠ್ ಅಂಗಡಿಯ ಹಳೇ ಕ್ಯಾಲೆಂಡರಿನಿಂದ ಗ್ಯಾಸ್ಕೆಟ್ ಕತ್ತರಿಸಿದೆವು. ಟ್ಯಾಪೆಟ್ ಕವರ್ ತೆಗೆದು ಪುಶ್ ರಾಡ್ ಬಾಗಿವೆಯಾ ನೋಡಿದೆ, ಗ್ಯಾಪ್ ಚೆಕ್ ಮಾಡಿದೆ. ಎಲ್ಲ ಸರಿ ಇತ್ತು. ಗಟ್ಟಿ ಎಂಜಿನ್, ಸುಳ್ಳು ಹೇಳಬಾರದು. ಈ ಸಲ ಕಾಕಾ ಅವರನ್ನು ರಸ್ತೆ ಆಚೆಯ ಚಹಾದಂಗಡಿಗೆ ಕಳಿಸಿ, ಹುಡುಗನ ಕೈಗೆ ಹಲಗೆ ಕೊಟ್ಟು ನಿಲ್ಲಿಸಿ, ಪಿಟಿಒ ಲಿವರ್ ಕೈಯಿಂದ ಮುಟ್ಟಿ ನೋಡಿ, ಸೆಲ್ಫ್ ಒತ್ತಿದೆ. ಪಿಟಪಿಟ ಅಂತ ಶಾಂತವಾಗಿ ಐಡಲ್ ಹಿಡಿಯಿತು. ನಾಬ್ ಎಳೆದೆ, ನಿಂತಿತು.

ಫೋನಿನಲ್ಲಿ 210 ನಿಮಿಷ, ಕೆಂಪು ಚುಕ್ಕೆ. ಸೇಠ್ ಕಾರಣ ಕೇಳಿದರು. ಹೇಳಿದೆ. "ಅದನ್ನ ಎಲ್ಲಿ ಬರೀಬೇಕು, ಕಾಲಮ್ಮೇ ಇಲ್ಲಲ್ಲ" ಅಂದರು. ಆ ಹಲಗೆಗೆ ಈಗ ಕೆಂಪು ಬಣ್ಣ ಹೊಡೆದಿದ್ದೇವೆ. ಪಂಪ್ ಕೆಲಸ ಇದ್ದ ದಿನ ಅದು ಜಾಕಿನ ಕೆಳಗೆ ಹೋಗುವ ಹಾಗಿಲ್ಲ. ಹುಡುಗನಂತೂ ಗಿರಾಕಿಗಳ ಎದುರಿಗೇ ಜೋರಾಗಿ ಕೇಳುತ್ತಾನೆ: "ಉಸ್ತಾದ್, ಕಿಟಕಿ ನೋಡಿದ್ರೇನ್ರಿ?" ಬೈಯಲು ಬಾಯಿ ಬರುವುದಿಲ್ಲ.

ಕಾಕಾ ಆ ರಾತ್ರಿ ಎಂಟಕ್ಕೆ ಗಾಡಿ ತೆಗೆದುಕೊಂಡು ಹೋದರು. ಮರುದಿನ ಹನ್ನೊಂದಕ್ಕೆ ಫೋನ್ ಬಂತು. ಹಿಂದೆ ಎಂಜಿನ್ ಸದ್ದು ಕೇಳುತ್ತಿತ್ತು, ಸರಿಯಾಗೇ ಇತ್ತು.

"ಮಿಸ್ತ್ರಿ, ಪಂಪ್ ಏನೋ ಛಲೋ ಅದ. ಸಾಲಿನ ಕೊನಿಗಿ ತಿರುಗಿಸ್ಲಿಕ್ಕಿ ಎಡಗಡಿ ಬ್ರೇಕ್ ತುಳದ್ರ ಗಾಡಿ ಸೀದಾ ಬದುವಿನ ಮ್ಯಾಗ ಹೊಂಟದಲ್ಲೋ?"

ಬ್ರೇಕ್!

ಹುಡುಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆಳಂದ ರಸ್ತೆ ಹಿಡಿದೆ. ಗಾಡಿ ಬದುವಿನ ಪಕ್ಕದಲ್ಲೇ ನಿಂತಿತ್ತು. ಕಾಕಾ ಈ ಸಲವೂ ರೋಟಾವೇಟರ್ ಮೇಲೆ ಕೂತಿದ್ದರು. ಮೊದಲು ಅವರನ್ನು ಅಲ್ಲಿಂದ ಇಳಿಸಿದೆ.